ರಾಷ್ಟ್ರದ ಮಹಾಕಾಂತವೂ ನಮ್ಮೂರ ಡಂಗುರವೂ

ಪ್ರಚಾರವೆಂಬ ಶಬ್ದಕ್ಕೆ ಈಗ ಒಳ್ಳೆಯ ಹೆಸರಿಲ್ಲ. ಪ್ರಚಾರವೆಂದೊಡನೆ ಚುನಾವಣೆಯ ಧ್ವನಿವರ್ಧಕ, ಸಾಬೂನಿನ ಜಾಹೀರಾತು, ಗೋಡೆಯ ಮೇಲಿನ ಭಿತ್ತಿಪತ್ರ ಇವೇ ಕಣ್ಣಮುಂದೆ ನಿಲ್ಲುತ್ತವೆ. ಆದರೆ ನಮ್ಮ ಹಿರಿಯರ ಕಾಲದಲ್ಲಿ ಊರೊಳಗೆ ಡಂಗುರ ಸಾರುವವನೊಬ್ಬನಿರುತ್ತಿದ್ದನು. ಅವನು ತನ್ನನ್ನೂ ಹೊಗಳಿಕೊಳ್ಳುತ್ತಿರಲಿಲ್ಲ, ಊರ ಗೌಡನನ್ನೂ ಹೊಗಳುತ್ತಿರಲಿಲ್ಲ. ನಾಳೆ ಸಂತೆ ಎಲ್ಲಿ ಕೂಡುವದು, ದನಗಳಿಗೆ ಸೂಜಿ ಹಾಕುವವರು ಯಾವ ಹೊತ್ತಿಗೆ ಬರುವರು, ಹೊಳೆಗೆ ನೀರು ಎಂದು ಬರುವದು, ಆ ದಿನ ಯಾರು ದಂಡೆಗೆ ಹೋಗಬಾರದು, ಇಷ್ಟನ್ನು ಎಲ್ಲರಿಗೂ ತಿಳಿಯುವ ಮಾತಿನಲ್ಲಿ ಓಣಿ ಓಣಿಗೆ ಹೇಳಿ ಹೋಗುತ್ತಿದ್ದನು. ಕೇಳಿದವನಿಗೆ ತಾನು ಮಾಡಬೇಕಾದುದು ಏನೆಂಬುದು ತಿಳಿಯುತ್ತಿತ್ತು. ಈ ಲೇಖನದಲ್ಲಿ ನಾನು ಪ್ರಚಾರವೆಂದು ಕರೆಯುವದು ಇಂಥದನ್ನೇ.

ಈ ವರ್ಷ ನಮ್ಮ ಕಾಲೇಜಿನ ಸೂಚನಾಫಲಕದ ಮೇಲೆ ಒಂದು ಬಣ್ಣದ ಕಾಗದ ಕೆಲವು ದಿನ ಅಂಟಿಕೊಂಡಿತ್ತು. ರಾಷ್ಟ್ರೀಯ ಮಟ್ಟದ ಒಂದು ಕಾಂತೀಯ ಅನುರಣನ ಸಂಶೋಧನ ಕೇಂದ್ರದ ವಿಷಯ ಅದರಲ್ಲಿತ್ತು. ಬೆಳ್ಳಗೆ ಹೊಳೆಯುವ ಒಂದು ದೊಡ್ಡ ಹಂಡೆಯಂಥ ಯಂತ್ರದ ಚಿತ್ರ, ಅದರ ಕೆಳಗೆ ಅಂಕಿಗಳು, ಇಂಗ್ಲಿಷಿನಲ್ಲಿ ನಾಲ್ಕೈದು ಸಾಲು ಹೊಗಳಿಕೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಸೀಮೆಗಳಿಂದ ಬಸ್ಸು ಹಿಡಿದು ಬರುವ ನನ್ನ ಸಹಪಾಠಿಗಳು ಅದರ ಮುಂದೆ ದಿನಾಲು ಹಾದುಹೋದರು. ನಿಂತು ಓದಿದವರನ್ನು ನಾನು ಕಾಣಲಿಲ್ಲ. ಅವರಲ್ಲಿ ಕುತೂಹಲವಿಲ್ಲವೆಂದು ನಾನು ಒಪ್ಪುವದಿಲ್ಲ. ಆ ಕಾಗದವು ಅವರೊಡನೆ ಮಾತನಾಡಲೇ ಇಲ್ಲ. ರಾಷ್ಟ್ರದ ಹಣದಿಂದ ನಡೆಯುವ ಕೇಂದ್ರವೊಂದು ತನ್ನ ವಿಷಯವನ್ನು ರಾಷ್ಟ್ರದ ಜನರಿಗೆ ಹೇಗೆ ಹೇಳಬೇಕು, ಅದರಲ್ಲಿ ನಮ್ಮಂಥ ಕಲಾಶಾಖೆಯ ವಿದ್ಯಾರ್ಥಿಗಳ ಪಾಲೇನು, ಎಂಬುದನ್ನು ನನಗೆ ತೋರಿದಂತೆ ವಾಚಕರ ಮುಂದೆ ಇಡುತ್ತೇನೆ.

ಮೊದಲು ವಸ್ತುವನ್ನು ತಿಳಿಯೋಣ. ನೀರಿನಲ್ಲಿ, ಎಣ್ಣೆಯಲ್ಲಿ, ನಮ್ಮ ಮೈಯಲ್ಲಿ ಎಲ್ಲೆಲ್ಲಿಯೂ ಹೈಡ್ರೋಜನ್ ಪರಮಾಣುಗಳಿವೆ. ಅವುಗಳ ನಡುವಿನ ಬೀಜವು ಒಂದು ಅತಿ ಸಣ್ಣ ಕಾಂತದಂತೆ ವರ್ತಿಸುತ್ತದೆ. ಅದನ್ನು ಬಲವಾದ ಕಾಂತದ ನಡುವೆ ಇಟ್ಟರೆ, ಓಲಾಡುತ್ತ ತಿರುಗುವ ಬುಗುರಿಯಂತೆ ಒಂದು ನಿರ್ದಿಷ್ಟ ವೇಗದಲ್ಲಿ ಸುತ್ತತೊಡಗುತ್ತದೆ. ಅದೇ ವೇಗಕ್ಕೆ ಹೊಂದುವ ರೇಡಿಯೋ ಅಲೆಯನ್ನು ಕಳಿಸಿದಾಗ ಮಾತ್ರ ಆ ಬೀಜ ಓಗೊಡುತ್ತದೆ, ಬೇರೆ ಅಲೆಗೆ ಓಗೊಡುವದಿಲ್ಲ. ರೇಡಿಯೋದ ಮುಳ್ಳನ್ನು ತಿರುವುತ್ತ ಹೋದಾಗ ಧಾರವಾಡದ ನಿಲಯ ಒಂದೇ ಕಡೆಗೆ ಸ್ಪಷ್ಟವಾಗಿ ಕೇಳಿಸುವಂತೆ ಇದು. ಈ ಓಗೊಡುವಿಕೆಗೇ ಅನುರಣನವೆಂದು ಹೆಸರು.

ಒಂದು ಟೆಸ್ಲಾ ಬಲದ ಕಾಂತದಲ್ಲಿ ಹೈಡ್ರೋಜನ್ ಬೀಜವು ಸುಮಾರು 42.6 ಮೆಗಾಹರ್ಟ್ಸ್ ಅಲೆಗೆ ಓಗೊಡುತ್ತದೆ. ಕಾಂತದ ಬಲ ಹೆಚ್ಚಿದಂತೆ ಈ ಅಂಕಿಯೂ ಅದೇ ಪ್ರಮಾಣದಲ್ಲಿ ಏರುತ್ತದೆ. ದವಾಖಾನೆಯ ಎಂ.ಆರ್.ಐ. ಯಂತ್ರಗಳು ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ ಬಲದವು. ಸಂಶೋಧನ ಕೇಂದ್ರಗಳಲ್ಲಿ 500 ಮೆಗಾಹರ್ಟ್ಸ್ ಯಂತ್ರವೆಂದರೆ ಕಾಂತವು ಸುಮಾರು 11.7 ಟೆಸ್ಲಾದ್ದು, 800 ಎಂದರೆ ಸುಮಾರು 18.8 ಟೆಸ್ಲಾದ್ದು. ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕಾಂತಬಲಕ್ಕಿಂತ ಇದು ಲಕ್ಷಗಟ್ಟಲೆ ಪಟ್ಟು ಹೆಚ್ಚು.

ಇಷ್ಟು ಬಲ ಏತಕ್ಕೆ? ಯಲ್ಲಮ್ಮನ ಗುಡ್ಡದ ಜಾತ್ರೆಯಲ್ಲಿ ಸಾವಿರ ಜನ ಒಂದೇ ಕಡೆ ಒತ್ತಿ ನಿಂತು ಮಾತನಾಡಿದರೆ ಬರೀ ಗದ್ದಲ ಕೇಳಿಸುತ್ತದೆ. ಅದೇ ಜನ ಬಯಲಲ್ಲಿ ದೂರ ದೂರ ನಿಂತರೆ ಒಬ್ಬೊಬ್ಬರ ದನಿಯೂ ಬೇರೆಯಾಗಿ ತಿಳಿಯುತ್ತದೆ. ಅಣುವಿನೊಳಗೆ ಒಂದೊಂದು ಹೈಡ್ರೋಜನ್ ಬೀಜವೂ ತನ್ನ ನೆರೆಹೊರೆಗೆ ತಕ್ಕಂತೆ ತುಸು ಬೇರೆ ಬೇರೆ ಅಲೆಗೆ ಓಗೊಡುತ್ತದೆ. ಕಾಂತವು ಬಲವಾದಷ್ಟೂ ಈ ದನಿಗಳು ಒಂದರಿಂದೊಂದು ದೂರ ಸರಿಯುತ್ತವೆ. ಆಗ ಯಾವ ಪರಮಾಣುವಿನ ಪಕ್ಕದಲ್ಲಿ ಯಾವುದು ಇದೆಯೆಂದು ಓದಿ, ಅಣುವಿನ ರಚನೆಯನ್ನೇ ಬಿಡಿಸಬಹುದು. ಔಷಧದ ಅಣು, ಜೀವಕೋಶದ ಪ್ರೋಟೀನು, ಜೇನು, ಅರಿಷಿಣದ ಸಾರ ಹೀಗೆ ಏನನ್ನಾದರೂ ಪರೀಕ್ಷಿಸಬಹುದು. ಪರೀಕ್ಷೆಗೆ ಬೇಕಾಗುವದು ಸಾಮಾನ್ಯವಾಗಿ ಕೆಲವೇ ಮಿಲಿಗ್ರಾಂ ವಸ್ತು. ಅದನ್ನು ಅರ್ಧ ಮಿಲಿಲೀಟರಿನಷ್ಟು ದ್ರಾವಣದಲ್ಲಿ ಕರಗಿಸಿ, ಸೀಸದ ಕಡ್ಡಿಯಷ್ಟು ಸಪೂರವಾದ ಗಾಜಿನ ನಳಿಗೆಯಲ್ಲಿ ಹಾಕಿ ಕಾಂತದೊಳಗೆ ಇಳಿಬಿಡುತ್ತಾರೆ.

ಇಂಥ ಕಾಂತವನ್ನು ಪ್ರತಿಯೊಂದು ಕಾಲೇಜೂ ಇಟ್ಟುಕೊಳ್ಳುವದು ಸಾಧ್ಯವಿಲ್ಲ. ಅದರ ಸುರುಳಿಯು ದ್ರವ ಹೀಲಿಯಮ್ಮಿನಲ್ಲಿ, ಎಂದರೆ ಸೊನ್ನೆಗಿಂತ ಸುಮಾರು 269 ಡಿಗ್ರಿ ಕೆಳಗಿನ ತಣ್ಪಿನಲ್ಲಿ, ಹಗಲೂ ರಾತ್ರಿ ಮುಳುಗಿರಬೇಕು. ಯಂತ್ರದ ಬೆಲೆ ಕೋಟಿಗಟ್ಟಲೆ. ಅದನ್ನು ಸಾಕುವ ಖರ್ಚು ವರ್ಷ ವರ್ಷವೂ ಬರುವದು. ಆದುದರಿಂದಲೇ ಸರಕಾರವು ಒಂದೆರಡು ಕಡೆ ಇಂಥ ಯಂತ್ರಗಳನ್ನಿಟ್ಟು, ದೇಶದವರೆಲ್ಲ ಬಂದು ಬಳಸಲೆಂದು ವ್ಯವಸ್ಥೆ ಮಾಡಿತು. 1956ರವರೆಗೆ ನಮ್ಮ ಸೀಮೆ ಮುಂಬಯಿ ರಾಜ್ಯದಲ್ಲಿತ್ತು. ಆ ಬಳಿಕ ನಾವು ಬೆಂಗಳೂರಿನ ಕಡೆಗೆ ಮುಖ ಮಾಡಿದೆವು. ವಿಚಿತ್ರವೆಂದರೆ ಈ ಎರಡೂ ಊರುಗಳಲ್ಲಿ ದೊಡ್ಡ ಕಾಂತಗಳಿವೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಉನ್ನತಕ್ಷೇತ್ರ ಎನ್.ಎಂ.ಆರ್. ರಾಷ್ಟ್ರೀಯ ಕೇಂದ್ರವು 1980ರ ದಶಕದಲ್ಲಿ ಹುಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರ ದಶಕದಲ್ಲಿ ಕೇಂದ್ರ ಸರಕಾರದ ನೆರವಿನಿಂದ ಆರಂಭವಾದ ಉಪಕರಣ ಕೇಂದ್ರವೇ ಇಂದಿನ ಎನ್.ಎಂ.ಆರ್. ಸಂಶೋಧನ ಕೇಂದ್ರ.

ಇಲ್ಲಿಯೇ ನನ್ನ ಮೊದಲನೆಯ ಮಾತು. ಸಾರ್ವಜನಿಕ ಬಾವಿಯನ್ನು ತೋಡಿಸಿ, ಅದು ಎಲ್ಲಿದೆಯೆಂದು ಊರಿಗೆ ಹೇಳದಿದ್ದರೆ ಅದು ಸಾರ್ವಜನಿಕ ಬಾವಿಯಾಗಲಾರದು. ಅದು ಪಕ್ಕದ ಮನೆಯವರ ಬಾವಿಯಾಗುತ್ತದೆ. ಹಂಚಿಕೊಳ್ಳಲೆಂದೇ ಕಟ್ಟಿದ ವಸ್ತುವಿಗೆ ಪ್ರಚಾರವು ಮೇಲಿನ ಅಲಂಕಾರವಲ್ಲ, ಆ ವಸ್ತುವಿನ ಒಂದು ಅಂಗವೇ ಆಗಿದೆ. ಕಾಂತಕ್ಕೆ ಹೀಲಿಯಂ ಎಷ್ಟು ಅವಶ್ಯವೋ, ಹಂಚಿಕೆಗೆ ತಿಳಿವಳಿಕೆ ಅಷ್ಟೇ ಅವಶ್ಯ. ಈ ತತ್ವವನ್ನು ಸರಕಾರವೂ ಒಪ್ಪಿದೆ. 2020ರ ಜನವರಿಯಲ್ಲಿ ಬೆಂಗಳೂರಿನ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಐ-ಸ್ಟೆಮ್ ಎಂಬ ಜಾಲತಾಣವನ್ನು ಪ್ರಧಾನಮಂತ್ರಿಗಳು ಉದ್ಘಾಟಿಸಿದರು. ಯಾವ ಉಪಕರಣ ದೇಶದ ಯಾವ ಸಂಸ್ಥೆಯಲ್ಲಿದೆ, ಅದನ್ನು ಹೊರಗಿನವರು ಹೇಗೆ ಬಳಸಬಹುದು ಎಂದು ತಿಳಿಸುವದೇ ಅದರ ಉದ್ದೇಶ. ಉದ್ದೇಶ ಒಳ್ಳೆಯದು. ಆದರೆ ಹುಡುಕುವವನಿಗೆ ತಾನು ಹುಡುಕಬೇಕಾದುದರ ಹೆಸರಾದರೂ ಮೊದಲು ಗೊತ್ತಿರಬೇಕಲ್ಲವೇ? ಆ ಹೆಸರನ್ನು ತಲುಪಿಸುವ ಕೆಲಸ ಇನ್ನೂ ಉಳಿದಿದೆ.

ಎರಡನೆಯ ಮಾತು ಭಾಷೆಯದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ಇಂಥವರ ಪಾಡು ಏನೆಂಬುದು ಈ ಪತ್ರಿಕೆಯನ್ನು ಓದುವ ಅನೇಕರಿಗೆ ಗೊತ್ತೇ ಇದೆ. ಬ್ಯಾಂಕಿನ ಕಾಗದ ಬಂದರೂ, ಕೋರ್ಟಿನ ಕಾಗದ ಬಂದರೂ, ದವಾಖಾನೆಯ ಕಾಗದ ಬಂದರೂ ಓಣಿಯವರು ನಮ್ಮ ಬಾಗಿಲಿಗೆ ಬರುತ್ತಾರೆ. ಕಳೆದ ವರ್ಷ ನಮ್ಮ ಪಕ್ಕದ ಮನೆಯ ಕಾಕಾ ಬೆನ್ನುನೋವಿಗಾಗಿ ನಗರದ ಒಂದು ತಪಾಸಣಾ ಕೇಂದ್ರಕ್ಕೆ ಎಂ.ಆರ್.ಐ. ಮಾಡಿಸಿಕೊಳ್ಳಲು ಹೋಗಬೇಕಾಯಿತು. ಅಲ್ಲಿ ಸಹಿ ಮಾಡಬೇಕಾದ ಕಾಗದ ಪೂರಾ ಇಂಗ್ಲಿಷಿನಲ್ಲಿತ್ತು. “ತಮ್ಮಾ, ನೀ ಬಿ.ಎ. ಓದಾಕತ್ತೀಯಲ್ಲ, ಇದರಾಗ ಏನ ಬರದಾರ ಹೇಳು. ಒಳಗ ಹಾಕಿ ಕರೆಂಟ್ ಕೊಡ್ತಾರೇನು?” ಎಂದು ಕೇಳಿದರು. “ಇಲ್ಲರಿ ಕಾಕಾ, ಅದು ದೊಡ್ಡ ಕಾಂತ. ಮೈಯಾಗಿನ ನೀರಿನ ಸುದ್ದಿ ಕೇಳತೈತಿ. ಎಕ್ಸ್-ರೇ ಇದ್ದಂಗ ಅಲ್ಲ. ಆದರ ಮೈಮ್ಯಾಲೆ ಕಬ್ಬಿಣ ಇರಬಾರದು” ಎಂದೆನು. ಅವರು ಕೂಡಲೆ ನಡುವಿನ ಉಡದಾರದಲ್ಲಿ ಕಟ್ಟಿದ್ದ ಕೀಲಿಕೈಯನ್ನು ಮುಟ್ಟಿ ನೋಡಿಕೊಂಡರು. ಒಂದು ಮಾತು ತಿಳಿಯುವ ಭಾಷೆಯಲ್ಲಿ ಬಂದೊಡನೆ ಮನುಷ್ಯನ ಕೈ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗುತ್ತದೆ.

ಇದು ಬರಿಯ ಸೌಜನ್ಯದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆಯೂ ಹೌದು. 2018ರ ಜನವರಿಯಲ್ಲಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಸಂಬಂಧಿಕರ ಜೊತೆಗೆ ಬಂದಿದ್ದ ಯುವಕನೊಬ್ಬ ಆಮ್ಲಜನಕದ ಸಿಲಿಂಡರನ್ನು ಹಿಡಿದು ಎಂ.ಆರ್.ಐ. ಕೋಣೆಯನ್ನು ಹೊಕ್ಕನು. ಕಾಂತವು ಸಿಲಿಂಡರಿನೊಡನೆ ಅವನನ್ನೂ ಎಳೆದುಕೊಂಡಿತು. ಅವನು ಬದುಕಲಿಲ್ಲ. ಯಂತ್ರ ಬಂದಾಗಿದೆಯೆಂದು ತಮಗೆ ಹೇಳಲಾಗಿತ್ತೆಂದು ಅವನ ಮನೆಯವರು ಹೇಳಿದರೆಂದು ಪತ್ರಿಕೆಗಳು ಬರೆದವು. ಈ ಕಾಂತಗಳು ನಿತ್ಯದ ಅರ್ಥದಲ್ಲಿ ಬಂದಾಗುವದೇ ಇಲ್ಲ. ಚಿತ್ರ ತೆಗೆಯುತ್ತಿರಲಿ ಬಿಡಲಿ, ದೀಪ ಹತ್ತಿರಲಿ ಆರಿರಲಿ, ಕಾಂತವು ಎಳೆಯುತ್ತಲೇ ಇರುತ್ತದೆ. ಈ ಒಂದು ವಾಕ್ಯವನ್ನು ಪ್ರತಿ ಊರಿನ ಪ್ರತಿಯೊಬ್ಬನಿಗೂ ಅವನ ಭಾಷೆಯಲ್ಲಿ ಮುಟ್ಟಿಸುವದಕ್ಕಿಂತ ದೊಡ್ಡ ಪ್ರಚಾರ ಯಾವದಿದೆ? ಕಾಂತದ ವಿಷಯವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ರಾಷ್ಟ್ರೀಯ ಕೇಂದ್ರದವರು. ಆದುದರಿಂದ ಈ ಮಾತನ್ನು ಹೇಳುವ ಮೊದಲ ಹೊಣೆಯೂ ಅವರದೇ.

ಭಾಷೆಯ ವಿಷಯದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಈ ವಿದ್ಯೆಯ ಪೂರ್ಣ ಹೆಸರು ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್. ಅದು ದವಾಖಾನೆಗೆ ಬಂದಾಗ ‘ನ್ಯೂಕ್ಲಿಯರ್’ ಎಂಬ ಶಬ್ದವನ್ನು ಕೇಳಿ ರೋಗಿಗಳು ಅಣುಬಾಂಬನ್ನು ನೆನೆದು ಹೆದರುವರೆಂದು ಆ ಶಬ್ದವನ್ನೇ ತೆಗೆದುಹಾಕಿದರು. ಹೀಗೆ ಎಂ.ಆರ್.ಐ. ಎಂಬ ಹೆಸರು ಉಳಿಯಿತು. ಆದರೆ ಕನ್ನಡದಲ್ಲಿ ನ್ಯೂಕ್ಲಿಯಸ್ಸಿಗೆ ಬೀಜವೆಂಬ ಶಬ್ದವಿದೆ. ಹತ್ತಿ, ಕುಸುಬಿ, ಜೋಳ ಬಿತ್ತುವ ನಮ್ಮ ಸೀಮೆಯಲ್ಲಿ ಬೀಜಕ್ಕೆ ಹೆದರುವವರು ಯಾರು? ‘ಪರಮಾಣುವಿನ ಬೀಜವು ಕಾಂತದಲ್ಲಿ ಓಗೊಡುತ್ತದೆ’ ಎಂದರೆ ಅಂಜಿಕೆಯೂ ಇಲ್ಲ, ಸುಳ್ಳೂ ಇಲ್ಲ, ಏನನ್ನೂ ಮುಚ್ಚಿಡಬೇಕಾದುದೂ ಇಲ್ಲ. ಇಂಗ್ಲಿಷಿನಲ್ಲಿ ಅಡಗಿಸಬೇಕಾದ ಸಂಗತಿಯನ್ನು ಕನ್ನಡದಲ್ಲಿ ಧಾರಾಳವಾಗಿ ಹೇಳಬಹುದು. ಕನ್ನಡದಲ್ಲಿ ವಿಜ್ಞಾನ ಹೇಳುವದು ಕಷ್ಟವೆನ್ನುವವರು ಈ ಒಂದು ಉದಾಹರಣೆಯನ್ನಾದರೂ ವಿಚಾರಿಸಬೇಕು.

ಮೂರನೆಯ ಮಾತು ಹಕ್ಕಿನದು. ಈ ವಿದ್ಯೆ ಪರದೇಶದ್ದು, ನಾವು ಅದರ ಗಿರಾಕಿಗಳು ಮಾತ್ರ, ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದು ಪೂರ್ಣ ನಿಜವಲ್ಲ. ಅಮೇರಿಕೆಯಲ್ಲಿ ಬ್ಲಾಕ್ ಮತ್ತು ಪರ್ಸೆಲ್ ಎಂಬ ವಿಜ್ಞಾನಿಗಳು ಬೇರೆ ಬೇರೆಯಾಗಿ ಈ ಅನುರಣನವನ್ನು ಕಂಡುದು 1946ರ ಸುಮಾರಿಗೆ. ಅದಕ್ಕಾಗಿ 1952ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಆ ಪಾರಿತೋಷಕಕ್ಕೂ ಮೊದಲು, 1951ರಲ್ಲಿಯೇ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಎಂಬವರು ಹರಿಯುವ ದ್ರವದಲ್ಲಿ ಈ ಅನುರಣನ ಹೇಗೆ ಬದಲಾಗುವದೆಂದು ಪ್ರಯೋಗ ಮಾಡಿ ಲೇಖನ ಪ್ರಕಟಿಸಿದರು. ರಕ್ತನಾಳಗಳಲ್ಲಿ ರಕ್ತ ಹರಿಯುವದನ್ನು ಕಾಂತದಿಂದ ನೋಡುವ ಇಂದಿನ ವಿಧಾನದ ಇತಿಹಾಸ ಬರೆಯುವವರು ಆ ಲೇಖನವನ್ನು ಮೊದಲಿಗೆ ನೆನೆಯುತ್ತಾರೆ. 1975ರಲ್ಲಿ ಸ್ವಿಟ್ಜರ್ಲೆಂಡಿನ ಝೂರಿಕ್ಕಿನಲ್ಲಿ ಅನಿಲ್ ಕುಮಾರ್, ವೆಲ್ಟಿ, ಅರ್ನ್ಸ್ಟ್ ಈ ಮೂವರು ಕೂಡಿ ಅನುರಣನದಿಂದ ಚಿತ್ರ ಪಡೆಯುವ ಒಂದು ಹೊಸ ಗಣಿತಮಾರ್ಗವನ್ನು ತೋರಿಸಿದರು. ಇಂದಿನ ಎಂ.ಆರ್.ಐ. ಯಂತ್ರಗಳು ನಡೆಯುವದು ಆ ಮಾರ್ಗದಿಂದಲೇ. ಅರ್ನ್ಸ್ಟರಿಗೆ 1991ರಲ್ಲಿ ನೊಬೆಲ್ ದೊರೆಯಿತು. ಅನಿಲ್ ಕುಮಾರ್ ಅವರು ಬೆಂಗಳೂರಿನ ಅದೇ ಸಂಸ್ಥೆಯಲ್ಲಿ ಅನೇಕ ವರ್ಷ ಪಾಠ ಹೇಳಿ ಸಂಶೋಧನೆ ನಡೆಸಿದವರು.

ಈ ಸಂಗತಿಗಳು ನಮ್ಮ ಹತ್ತರಲ್ಲಿ ಎಷ್ಟು ಜನಕ್ಕೆ ಗೊತ್ತು? ಸಂಗೊಳ್ಳಿ ರಾಯಣ್ಣನ ಕಥೆ ನಮ್ಮ ಅಜ್ಜಿಯರಿಗೆಲ್ಲ ಗೊತ್ತು. ಅವರು ಇತಿಹಾಸದ ಗ್ರಂಥ ಓದಿದವರಲ್ಲ. ಲಾವಣಿಯವರು, ಗೀಗೀ ಮೇಳದವರು ಅದನ್ನು ಅವರ ಅಂಗಳಕ್ಕೆ ತಂದರು. ಕಿತ್ತೂರಿನ ಕೋಟೆ ಮುರಿದು ಬಿದ್ದರೂ ಕಿತ್ತೂರಿನ ಮಾತು ಬೀಳಲಿಲ್ಲ. ಮಾತನ್ನು ಹೊತ್ತು ತಿರುಗುವವರು ಇರುವವರೆಗೆ ವಸ್ತು ಜನರದಾಗಿ ಉಳಿಯುತ್ತದೆ. ಇದನ್ನು ನಮಗೆ ಬೇರೆಯವರು ಕಲಿಸಬೇಕಾಗಿಲ್ಲ.

ಈಗ ಆಕ್ಷೇಪಗಳನ್ನು ನೋಡೋಣ. ‘ಪ್ರಯೋಗಾಲಯವು ಜಾತ್ರೆಯಲ್ಲ. ಸಾಮಾನ್ಯ ಜನ ಅಲ್ಲಿಗೆ ಬಂದು ಮಾಡುವದೇನು? ವಿಜ್ಞಾನಿಗಳ ಹೊತ್ತು ಹಾಳಾಗುವದಷ್ಟೆ’ ಎಂದು ಕೆಲವರು ಹೇಳುವರು. ಅವರು ಒಮ್ಮೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿಮೇಳಕ್ಕೆ ಬರಬೇಕು. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳಿಂದ ರೈತರು ಬುತ್ತಿ ಕಟ್ಟಿಕೊಂಡು ಹೋಗಿ, ಬಿಸಿಲಲ್ಲಿ ನಿಂತು, ಹೊಸ ತಳಿಯ ಗುಣವೇನು, ಎಕರೆಗೆ ಬೀಜವೆಷ್ಟು, ರೋಗ ತಡೆಯುವದೋ ಇಲ್ಲವೋ ಎಂದು ವಿಜ್ಞಾನಿಗಳನ್ನು ನಿಲ್ಲಿಸಿ ಕೇಳುತ್ತಾರೆ. ಅವರು ಕೇಳುವ ಪ್ರಶ್ನೆಗಳು ವಿಜ್ಞಾನದ ಪ್ರಶ್ನೆಗಳೇ. ಅಲ್ಲಿ ಯಾರ ಹೊತ್ತೂ ಹಾಳಾಗುವದಿಲ್ಲ. ಬೆಂಗಳೂರಿನ ವಿಜ್ಞಾನ ಸಂಸ್ಥೆಯೂ ವರ್ಷಕ್ಕೊಂದು ದಿನ ಬಾಗಿಲು ತೆರೆದು ಸಾರ್ವಜನಿಕರನ್ನು ಒಳಗೆ ಕರೆಯುತ್ತದೆ. ಅದು ಬಹಳ ಒಳ್ಳೆಯ ಸಂಪ್ರದಾಯ. ಆದರೆ ರಾಮದುರ್ಗದ ಹುಡುಗಿಗೆ ಆ ಒಂದು ದಿನಕ್ಕಾಗಿ ಒಂದು ರಾತ್ರಿಯ ದಾರಿ, ಬಸ್ಸಿನ ಚಾರ್ಜು, ಮನೆಯವರ ಅಪ್ಪಣೆ ಇಷ್ಟೂ ಬೇಕು. ಬಾಗಿಲು ತೆರೆದರೆ ಸಾಲದು, ಒಮ್ಮೊಮ್ಮೆ ಬಾಗಿಲೇ ಹೊರಟು ಬರಬೇಕು.

‘ನಿಮ್ಮ ತಾಲೂಕಿನವರಿಗೆ ಅದರ ಉಪಯೋಗವೇನು?’ ಎಂಬುದು ಎರಡನೆಯ ಆಕ್ಷೇಪ. ಜೇನಿನ ಉದಾಹರಣೆಯನ್ನು ಕೊಡುತ್ತೇನೆ. 2020ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪೇಟೆಯಲ್ಲಿ ಮಾರುವ 13 ಬಗೆಯ ಜೇನನ್ನು ಪರೀಕ್ಷೆಗೆ ಒಡ್ಡಿತು. ಎನ್.ಎಂ.ಆರ್. ಪರೀಕ್ಷೆಗಾಗಿ ಅದನ್ನು ಜರ್ಮನಿಯ ಪ್ರಯೋಗಾಲಯಕ್ಕೆ ಕಳಿಸಿದರು. ಎಲ್ಲ ಪರೀಕ್ಷೆಗಳಲ್ಲಿ ಪಾರಾದವು 3 ಮಾತ್ರವೆಂದು ಅವರು ಪ್ರಕಟಿಸಿದರು. ಕಂಪನಿಗಳು ಆ ಮಾತನ್ನು ಒಪ್ಪಲಿಲ್ಲ. ಆ ವಾದ ಏನೇ ಇರಲಿ, ಒಂದು ಚಮಚ ಜೇನಿನಲ್ಲಿ ಸಕ್ಕರೆಪಾಕ ಬೆರೆತಿದೆಯೇ ಎಂಬ ಪ್ರಶ್ನೆಗೂ ಈ ಕಾಂತಕ್ಕೂ ಸಂಬಂಧವಿದೆಯೆಂಬುದು ಇದರಿಂದ ತಿಳಿಯುವದು. ಇನ್ನು ಕುಸುಬಿ, ಶೇಂಗಾ ಬೀಜಗಳನ್ನು ಒಡೆಯದೆ, ಗಾಣಕ್ಕೆ ಹಾಕದೆ, ಒಳಗಿನ ಎಣ್ಣೆಯ ಪ್ರಮಾಣವನ್ನು ಇದೇ ವಿದ್ಯೆಯಿಂದ ಅಳೆಯಬಹುದು. ಅದಕ್ಕೆ ದೊಡ್ಡ ಕಾಂತವೂ ಬೇಡ, ಮೇಜಿನ ಮೇಲೆ ಕೂಡುವ ಸಣ್ಣ ಯಂತ್ರ ಸಾಕು. ಅಳೆದ ಬೀಜವನ್ನೇ ಮತ್ತೆ ಬಿತ್ತಬಹುದಾದ್ದರಿಂದ ತಳಿ ಬೆಳೆಸುವವರು ಇದನ್ನು ಬಳಸುತ್ತಾರೆ. ಹೀಗಿರುವಾಗ ನಮ್ಮ ಸೀಮೆಗೂ ಈ ವಿದ್ಯೆಗೂ ಏನು ಸಂಬಂಧವೆಂದು ಕೇಳುವದು ಸರಿಯಲ್ಲ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದುದು. ಹಳ್ಳಿಯ ದವಾಖಾನೆಯಲ್ಲಿ ಡಾಕ್ಟರರಿಲ್ಲದಿರುವಾಗ ಕೋಟಿಗಟ್ಟಲೆ ಹಣವನ್ನು ಒಂದು ಕಾಂತಕ್ಕೆ ಸುರಿಯುವದು ನ್ಯಾಯವೇ? ರಾತ್ರಿ ಹೊತ್ತಿನಲ್ಲಿ ಹೆರಿಗೆಗೆಂದು ಟ್ರ್ಯಾಕ್ಟರಿನಲ್ಲಿ ತಾಲೂಕಿಗೆ ಹೋದ ಹೆಣ್ಣುಮಕ್ಕಳ ಕಥೆ ನಮ್ಮೆಲ್ಲರ ಮನೆಗಳಲ್ಲಿವೆ. ಈ ಪ್ರಶ್ನೆಯನ್ನು ನಾನು ನಕ್ಕು ತಳ್ಳಿಹಾಕಲಾರೆ. ಮೂಲವಿಜ್ಞಾನ ಬೇಕೇಬೇಕೆಂಬುದು ನನ್ನ ಅಭಿಪ್ರಾಯ. 1951ರ ಪ್ರಯೋಗದ ಫಲ ರೋಗಿಯ ಹಾಸಿಗೆಗೆ ಮುಟ್ಟಲು ಎಷ್ಟು ವರ್ಷ ಹಿಡಿಯಿತೆಂಬುದನ್ನು ನೆನೆದರೆ, ಇಂದು ಬಿತ್ತದಿದ್ದುದನ್ನು ನಾಳೆ ಕೊಯ್ಯಲಾಗದೆಂಬುದು ಸ್ಪಷ್ಟ. ಆದರೆ ನನ್ನ ಅಭಿಪ್ರಾಯ ಮುಖ್ಯವಲ್ಲ. ಈ ಪ್ರಶ್ನೆಯನ್ನು ಕೇಳುವ ಅಧಿಕಾರ ತೆರಿಗೆ ಕೊಡುವ ಎಲ್ಲರಿಗೂ ಇದೆ. ಬೆಂಕಿಪೆಟ್ಟಿಗೆ ಕೊಳ್ಳುವವನೂ ತೆರಿಗೆ ಕೊಡುತ್ತಾನೆ. ವಿಷಯವೇ ಗೊತ್ತಿಲ್ಲದವನು ಪ್ರಶ್ನೆಯನ್ನು ಹೇಗೆ ಕೇಳಬೇಕು? ನಿಜವಾದ ಪ್ರಚಾರವು ಜನರಿಂದ ಚಪ್ಪಾಳೆಯನ್ನು ಬೇಡುವದಿಲ್ಲ, ಪ್ರಶ್ನೆ ಕೇಳಲು ಅವರನ್ನು ಸಮರ್ಥರನ್ನಾಗಿ ಮಾಡುತ್ತದೆ. ತನ್ನ ಖರ್ಚನ್ನು ಮಾಲಕನಿಗೆ ಅವನ ಭಾಷೆಯಲ್ಲಿ ವಿವರಿಸಿ ಹೇಳುವ ಒಕ್ಕಲಿಗನ ಪ್ರಾಮಾಣಿಕತೆ ಅದರಲ್ಲಿರಬೇಕು.

ಹಾಗಾದರೆ ಒಂದು ರಾಷ್ಟ್ರೀಯ ಕೇಂದ್ರದ ಪ್ರಚಾರಪತ್ರದಲ್ಲಿ ಏನಿರಬೇಕು? ಕಾಂತ ಎಷ್ಟು ದೊಡ್ಡದೆಂಬ ಹೆಮ್ಮೆಯ ಅಂಕಿ ಕೊನೆಯಲ್ಲಿ ಬಂದರೂ ಸಾಕು. ಮೊದಲು, ಈ ಯಂತ್ರದಿಂದ ಎಂಥ ಪ್ರಶ್ನೆಗೆ ಉತ್ತರ ಸಿಗುತ್ತದೆ, ಎಂಥ ಪ್ರಶ್ನೆಗೆ ಸಿಗುವದಿಲ್ಲ ಎಂಬುದಿರಬೇಕು. ಎರಡನೆಯದಾಗಿ, ಯಾರು ಬಳಸಬಹುದು, ಕಾಲೇಜಿನವರಿಗೆ ದರವೆಷ್ಟು, ಅರ್ಜಿ ಯಾರಿಗೆ ಬರೆಯಬೇಕು ಎಂಬುದಿರಬೇಕು. ಮೂರನೆಯದಾಗಿ, ಅಪಾಯ ಯಾವದು, ಹೆದರಬೇಕಾಗಿಲ್ಲದ್ದು ಯಾವದು ಎಂಬುದಿರಬೇಕು. ನಾಲ್ಕನೆಯದಾಗಿ, ಕಳೆದ ವರ್ಷ ಎಷ್ಟು ಖರ್ಚಾಯಿತು, ಹೊರಗಿನ ಎಷ್ಟು ಜನ ಬಂದು ಬಳಸಿದರು ಎಂಬ ಲೆಕ್ಕವಿರಬೇಕು. ಇವೆಲ್ಲ ಕನ್ನಡದ ಒಂದೇ ಹಾಳೆಯಲ್ಲಿ ಹಿಡಿಯುತ್ತವೆ. ಆ ಹಾಳೆ ಪ್ರತಿಯೊಂದು ಸರಕಾರಿ ಕಾಲೇಜಿಗೂ ಬರಲಿ. ಕೃಷಿಮೇಳದಲ್ಲಿ, ಕಿತ್ತೂರು ಉತ್ಸವದಲ್ಲಿ, ಯಲ್ಲಮ್ಮನ ಜಾತ್ರೆಯಲ್ಲಿ ಒಂದು ಮೇಜು ಹಾಕಿ, ಕನ್ನಡ ಬಲ್ಲ ಒಬ್ಬ ಸಂಶೋಧಕನನ್ನು ಎರಡು ದಿನ ಕೂಡಿಸಲಿ. ಆಕಾಶವಾಣಿಯಲ್ಲಿ ಹತ್ತು ನಿಮಿಷ ಮಾತನಾಡಲಿ. ಕಾಂತದ ಬೆಲೆಯೊಡನೆ ಹೋಲಿಸಿದರೆ ಇದರ ಖರ್ಚು ಲೆಕ್ಕಕ್ಕೇ ಬಾರದು.

ಇದರಲ್ಲಿ ಕಲಾಶಾಖೆಯವರ ಪಾಲೇನು ಎಂದು ಸಹಪಾಠಿಗಳು ಕೇಳಬಹುದು. ‘ಬಿ.ಎ. ಮಾಡಿ ಏನು ಮಾಡುತ್ತೀ?’ ಎಂಬ ಪ್ರಶ್ನೆಯನ್ನು ನಾವೆಲ್ಲರೂ ಮದುವೆಯ ಮನೆಗಳಲ್ಲಿ ಕೇಳಿಸಿಕೊಂಡವರೇ. ವಿಜ್ಞಾನವನ್ನು ಕಂಡುಹಿಡಿಯುವದು ವಿಜ್ಞಾನಿಯ ಕೆಲಸ. ಆದರೆ ಅದನ್ನು ಮತ್ತೊಬ್ಬರ ಅಂಗಳಕ್ಕೆ ಮುಟ್ಟಿಸುವದಕ್ಕೆ ಶಬ್ದ ಬೇಕು, ಉಪಮೆ ಬೇಕು, ಕೇಳುವವನ ಮನಸ್ಸನ್ನು ಅರಿತಿರಬೇಕು. ನಾವು ಮೂರು ವರ್ಷ ಓದಿದುದು ಇವನ್ನೇ ಅಲ್ಲವೇ? ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶಯ್ಯಂಗಾರ್ಯರು ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿ ಒಂದು ಶತಮಾನವೇ ದಾಟಿತು. ಶಿವರಾಮ ಕಾರಂತರು ಕಾಲೇಜನ್ನು ನಡುವೆಯೇ ಬಿಟ್ಟವರು, ಆದರೂ ಕನ್ನಡಿಗರಿಗಾಗಿ ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದರು. ಅಂದಮೇಲೆ ಪದವಿಯ ವಿಷಯ ಯಾವದೆಂಬುದು ಅಡ್ಡಿಯಲ್ಲ, ತಿಳಿದವರಲ್ಲಿ ಕೇಳಿ, ತಪ್ಪಿಲ್ಲದೆ ಹೇಳುವ ಶ್ರದ್ಧೆ ಇದ್ದರೆ ಸಾಕು. ರಾಷ್ಟ್ರೀಯ ಕೇಂದ್ರಗಳು ತಮ್ಮ ಪ್ರಚಾರದ ಕೆಲಸಕ್ಕೆ ಕನ್ನಡ ಓದಿದ ಪದವೀಧರರನ್ನು ತೆಗೆದುಕೊಂಡರೆ ಅವರಿಗೂ ಲಾಭ, ನಮಗೂ ಕೆಲಸ. ಹೀಗೆ ಬರೆಯುವಾಗ ನನ್ನ ಸ್ವಾರ್ಥವೂ ಇದರಲ್ಲಿದೆಯೆಂದು ವಾಚಕರು ನಗಬಹುದು. ನಗಲಿ. ನ್ಯಾಯವಾದ ಮಾತಿನಲ್ಲಿ ಬಡವನ ಸ್ವಾರ್ಥ ಸ್ವಲ್ಪ ಬೆರೆತರೆ ಮಾತು ಕೆಡುವದಿಲ್ಲ.

ಬರಿಯ ಉಪದೇಶ ಮಾಡಿ ಲೇಖನಿಯನ್ನು ಕೆಳಗಿಡುವದು ನನಗೆ ಒಪ್ಪಿಗೆಯಿಲ್ಲ. ಪರೀಕ್ಷೆ ಮುಗಿದ ಮೇಲೆ ನಾವು ಮೂವರು ಗೆಳೆಯರು ಕೂಡಿ ‘ದೊಡ್ಡ ಕಾಂತದ ಕೋಣೆಗೆ ಹೋಗುವ ಮೊದಲು’ ಎಂಬ ಒಂದು ಹಾಳೆಯನ್ನು ಕನ್ನಡದಲ್ಲಿ ಸಿದ್ಧಪಡಿಸಲು ನಿಶ್ಚಯಿಸಿದ್ದೇವೆ. ಅದರ ಒಂದು ಬದಿಯಲ್ಲಿ ಎಂ.ಆರ್.ಐ.ಗೆ ಹೋಗುವವರು ತಿಳಿಯಬೇಕಾದ ಎಚ್ಚರಿಕೆಗಳು, ಇನ್ನೊಂದು ಬದಿಯಲ್ಲಿ ಬೆಂಗಳೂರು ಮುಂಬಯಿಗಳ ಸಂಶೋಧನ ಕೇಂದ್ರಗಳ ಪರಿಚಯ ಇರುವವು. ಅದನ್ನು ಭೌತಶಾಸ್ತ್ರ ಬಲ್ಲವರಿಗೂ ಒಬ್ಬ ಡಾಕ್ಟರರಿಗೂ ತೋರಿಸಿ ತಿದ್ದಿಸಿದ ಬಳಿಕವೇ ಅಚ್ಚು ಹಾಕಿಸುವೆವು. ಅಧ್ಯಾಪಕರಲ್ಲಿ ನನ್ನ ಬಿನ್ನಹವಿಷ್ಟೇ: ನಮ್ಮ ಶಬ್ದಗಳಲ್ಲಿ ಒರಟುತನವಿದ್ದರೆ ತಿದ್ದಿರಿ, ಸುಳ್ಳಿದ್ದರೆ ಹೊಡೆದುಹಾಕಿರಿ. ನಾಲ್ಕೂ ತಾಲೂಕುಗಳ ಸಹಪಾಠಿಗಳಲ್ಲಿ ಬಿನ್ನಹ ಬೇರೆ: ಆ ಹಾಳೆಯನ್ನು ನಿಮ್ಮ ಊರಿಗೆ ಒಯ್ಯಿರಿ, ಓದಬಲ್ಲವರ ಕೈಯಲ್ಲಿ ಕೊಡಿರಿ, ಓದಲಾರದವರಿಗೆ ಕಟ್ಟೆಯ ಮೇಲೆ ಕೂತು ಓದಿ ಹೇಳಿರಿ, ಅವರು ಕೇಳಿದ ಪ್ರಶ್ನೆಗಳನ್ನು ಬರೆದುಕೊಂಡು ಬನ್ನಿರಿ. ಆ ಪ್ರಶ್ನೆಗಳನ್ನು ಒಂದು ಲಕೋಟೆಯಲ್ಲಿ ಹಾಕಿ ಬೆಂಗಳೂರಿಗೆ ಕಳಿಸುವ ಅಂಚೆಯ ಖರ್ಚು ನಮ್ಮದು.